ವಿದ್ಯುತ್ ಉಳಿತಾಯ: ವರದಿಯಿಂದ ಕಾರ್ಯರೂಪಕ್ಕೆ



ಕಾಫಿ ಕ್ಯೂರಿಂಗ್ ಕಾರ್ಖಾನೆಯ ವಿದ್ಯುತ್ ಬಿಲ್ಲನ್ನು ಕಟ್ಟುವುದು ಕಾರ್ಖಾನೆಯಾದರೂ, ಅದರ ಭಾರ ಕೊನೆಗೆ ಬೀಳುವುದು ಬೆಳೆಗಾರರಾದ ನಮ್ಮ ಮೇಲೆಯೇ. ಆದುದರಿಂದ ಈ ವಿಷಯವನ್ನು ನಾವೂ ತಿಳಿದಿರುವುದು ಅವಶ್ಯ.

ಉಪಾಯ ಗೊತ್ತಿಲ್ಲದೆ ಉಳಿತಾಯ ನಿಲ್ಲುವುದು ಅಪರೂಪ. ತಜ್ಞರು ತಪಾಸಣೆ ನಡೆಸಿ ವರದಿ ಕೊಡುತ್ತಾರೆ. ವರದಿ ಬೀರು ಸೇರುತ್ತದೆ. ಏಕೆಂದರೆ ಮುಂದಿನ ಕೆಲಸ ಯಾರದೆಂದು ಗೊತ್ತುಪಡಿಸಿರುವುದಿಲ್ಲ. ಇದನ್ನರಿತೇ 2001ರ ಇಂಧನ ಸಂರಕ್ಷಣಾ ಕಾಯಿದೆಯು, ಸರ್ಕಾರ ಗುರುತಿಸಿದ ದೊಡ್ಡ ಉದ್ಯಮಗಳು ಎನರ್ಜಿ ಮ್ಯಾನೇಜರೊಬ್ಬರನ್ನು ನೇಮಿಸಬೇಕೆಂದು ವಿಧಿಸಿತು. 2012ರಲ್ಲಿ ಆರಂಭವಾದ ‘ಪ್ಯಾಟ್’ ಯೋಜನೆಯ ಮೊದಲ ಸುತ್ತಿನಲ್ಲಿ ಸಿಮೆಂಟು, ಉಕ್ಕು ಮೊದಲಾದ 8 ಕ್ಷೇತ್ರಗಳ 478 ಘಟಕಗಳಿಗೆ ಪ್ರತ್ಯೇಕ ಗುರಿ ನಿಗದಿಯಾಯಿತು. 2015ಕ್ಕೆ ಅದು ಮುಗಿದಾಗ ಒಟ್ಟು ಉಳಿತಾಯವು ಗುರಿಯನ್ನೇ ಮೀರಿತ್ತು. ಸಣ್ಣ ಘಟಕಗಳಿಗೂ ಇದೇ ಕ್ರಮ ಒಪ್ಪುತ್ತದೆ.

1. ಮೊದಲು ಅಳತೆ: ಫಸಲು ಹೆಚ್ಚಿದರೆ ಬಿಲ್ಲೂ ಹೆಚ್ಚುತ್ತದೆ. ಆದ್ದರಿಂದ ಬಿಲ್ಲಿನ ಮೊತ್ತವನ್ನಲ್ಲ, ಒಂದು ಟನ್ ಕಾಫಿಗೆ ಎಷ್ಟು ಯೂನಿಟ್ ತಗಲಿತೆಂಬುದನ್ನು ಬರೆದಿಡಬೇಕು.

2. ಖರ್ಚಿಲ್ಲದ ಕೆಲಸ: ಕಲರ್ ಸಾರ್ಟರ್ ಯಂತ್ರಕ್ಕೆ ಕಂಪ್ರೆಸರ್ ಗಾಳಿ ಬೇಕು. ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ಚಾಲೂ ಇಡಿ. ಅದು ಮತ್ತೆ ಮತ್ತೆ ಗಾಳಿ ತುಂಬತೊಡಗಿದರೆ ಕೊಳವೆಯಲ್ಲಿ ಸೋರಿಕೆ ಇದೆಯೆಂದರ್ಥ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ಗುಳ್ಳೆಯಿಂದ ತಿಳಿಯುತ್ತದೆ.

3. ಬಂಡವಾಳದ ಕೆಲಸ: ಬ್ಲೋಯರಿನ ಗಾಳಿ ಹೆಚ್ಚಾದಾಗ ಬಾಗಿಲು ಅಡ್ಡಗಟ್ಟುವುದಕ್ಕಿಂತ ವೇಗವನ್ನೇ ಇಳಿಸುವುದು ಲೇಸು. ವೇಗ ನೂರಕ್ಕೆ 20ರಷ್ಟು ಇಳಿದರೆ ಫ್ಯಾನಿಗೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕಿಳಿಯುತ್ತದೆ. ಆದರೆ ಲೆಕ್ಕದಲ್ಲಿ ಎಚ್ಚರವಿರಲಿ. ಉದಾಹರಣೆಗೆ, ಖರ್ಚು 60,000 ರೂಪಾಯಿ, ತಿಂಗಳ ಉಳಿತಾಯ 5,000 ರೂಪಾಯಿ ಎನ್ನೋಣ. ಹಣ ಮರಳಲು 12 ತಿಂಗಳು ಸಾಕೆನಿಸುತ್ತದೆ. ಕಾರ್ಖಾನೆ ವರ್ಷಕ್ಕೆ 5 ತಿಂಗಳು ಮಾತ್ರ ನಡೆಯುವುದಾದರೆ ಮೂರನೆಯ ಹಂಗಾಮಿನವರೆಗೆ ಕಾಯಬೇಕು. ಯಂತ್ರ ಮಾರುವವರ ಕಾಗದದಲ್ಲಿ ಈ ಲೆಕ್ಕ ಇದೆಯೇ ಎಂದು ನೋಡಿಕೊಳ್ಳತಕ್ಕದ್ದು.

4. ಹೊಣೆ: ಪ್ರತಿ ಕೆಲಸಕ್ಕೂ ಒಬ್ಬರ ಹೆಸರು, ಒಂದು ತಾರೀಖು ಇರಬೇಕು. ಯಂತ್ರ ನಡೆಸುವವರನ್ನೇ ಮೊದಲು ಕೇಳಬೇಕು. ಸೋರಿಕೆಯ ಸದ್ದು ದಿನವೂ ಅವರ ಕಿವಿಗೆ ಬೀಳುತ್ತದೆ. ಮುಚ್ಚಿದ ಸೋರಿಕೆ ಮತ್ತೆ ಬಾಯಿ ಬಿಡುವುದುಂಟು. ಆದುದರಿಂದ ಪ್ರತಿ ತಿಂಗಳೂ ಅಳತೆಯನ್ನು ಆಡಳಿತ ಮಂಡಳಿಯ ಮುಂದಿಡಬೇಕು.

ಹನಿಗೂಡಿದರೆ ಹಳ್ಳ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಲಾಭ ನಷ್ಟದ ಜೊತೆಗೆ, “ಟನ್ನಿಗೆ ಎಷ್ಟು ಯೂನಿಟ್?” ಎಂದೂ ತಾವು ಕೇಳಬೇಕು. ಕೇಳುವವರಿದ್ದರೆ ವರದಿ ಬೀರುವಿನಲ್ಲಿ ಉಳಿಯದು.