ಅನುಭವ ಅಲ್ಪವಾದರೂ ಸಂದರ್ಶನಕ್ಕೆ ಅಂಜಬೇಕಿಲ್ಲ

ಸಂಶೋಧನೆಯ ಕೆಲಸ ಕಲಿಯಲು ಇಂಜಿನಿಯರಿಂಗ್ ಪದವಿ ಓದುತ್ತಿರುವವರಿಗೂ ಅವಕಾಶ ಉಂಟು. 1958ರಲ್ಲಿ ಸ್ಥಾಪನೆಯಾದ ಐ.ಐ.ಟಿ. ನಮ್ಮ ಪಾರ್ಲೆಗೆ ಸಮೀಪದ ಪವಾಯಿಯಲ್ಲಿಯೇ ಇದೆ. ಆದರೆ ಗುಮಾಸ್ತರ, ಕಾರ್ಮಿಕರ ಮನೆಯ ಮಕ್ಕಳು "ನಮಗೇನು ಅನುಭವ?" ಎಂದು ಸಂದರ್ಶನಕ್ಕೆ ಹಿಂಜರಿಯುತ್ತಾರೆ. ಅಂಥವರಿಗೆ ನಾವು ಹೇಳುವುದಿಷ್ಟು.

ಮಾಡಿದ್ದು ಒಂದೇ ಪ್ರಯೋಗವಾಗಲಿ, ಅದರ ಬೇರುಮೂಲ ತಿಳಿದಿರಬೇಕು. ಉಕ್ಕಿನ ಸರಳನ್ನು ಯಂತ್ರದಲ್ಲಿ ಎಳೆಯುವ ಪ್ರಯೋಗವನ್ನೇ ನೋಡೋಣ. ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ನಿಮ್ಮ ಲೆಕ್ಕದಲ್ಲಿ ಕಡಿಮೆ ಬಂತು. ಏಕೆ? ಯಂತ್ರದ ಚಲನೆಯಿಂದಲೇ ಹಿಗ್ಗನ್ನು ಅಳೆದಿದ್ದರೆ, ಹಿಡಿಕೆಯಲ್ಲಿ ಸರಳು ಜಾರಿದ್ದು, ಯಂತ್ರವೇ ತುಸು ಹಿಗ್ಗಿದ್ದು, ಎರಡೂ ಲೆಕ್ಕಕ್ಕೆ ಸೇರುತ್ತವೆ. ಸರಳಿಗೇ ಎಕ್ಸ್‌ಟೆನ್ಸೋಮೀಟರ್ ಜೋಡಿಸಿದರೆ ಈ ದೋಷ ತಪ್ಪುತ್ತದೆ. ಇಷ್ಟನ್ನು ವಿವರಿಸಬಲ್ಲವರು ಸಂಶೋಧನೆಯ ಮೊದಲ ಪಾಠವನ್ನು ಕಲಿತಂತೆಯೇ.

ಅಲ್ಲಿನ ಪ್ರಾಧ್ಯಾಪಕರ ಒಂದು ಲೇಖನವನ್ನಾದರೂ ಮೊದಲೇ ಓದಿ, ಅರ್ಥವಾಗದ ಎರಡು ಅಂಶಗಳನ್ನು ಗುರುತು ಹಾಕಿಕೊಳ್ಳಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ, ತಿಳಿದಷ್ಟರಿಂದ ಯೋಚಿಸಿ ತೋರಿಸಿರಿ, ಮೌನವಾಗಿ ಕೂರಬೇಡಿರಿ.

ಹೋಗುವ ಮುನ್ನ ನಿಮ್ಮ ಪ್ರಯೋಗವನ್ನು ಮನೆಯಲ್ಲಿ ಕನ್ನಡದಲ್ಲಿ ವಿವರಿಸಿರಿ. ಇಂಜಿನಿಯರಿಂಗ್ ಓದದ ತಂದೆತಾಯಿಯರಿಗೆ ಅದು ಮನದಟ್ಟಾದರೆ ವಿಷಯ ನಿಮ್ಮದಾಯಿತು. ಮತ್ತೆ ಇಂಗ್ಲಿಷಿನಲ್ಲಿ ಹೇಳುವುದು ಅಭ್ಯಾಸದ ಮಾತಷ್ಟೆ.