ಸಬ್‌ವೂಫರ್ ಕಟ್ಟುವ ಮುನ್ನ

ಕೊಡಗಿನ ಶ್ರೀಮಂಗಲದ ಕಡೆ ಮನೆಯಲ್ಲೇ ಸಬ್‌ವೂಫರ್ ಕಟ್ಟಲು ಹೊರಟಿದ್ದೀರಾ? ಡ್ರೈವರ್ (ಪೆಟ್ಟಿಗೆಗೆ ಕೂರಿಸುವ ಸ್ಪೀಕರ್) ಕೊಳ್ಳುವಾಗ ದೊಡ್ಡಕ್ಷರದ ವ್ಯಾಟ್ ನೋಡಿ ಮರುಳಾಗಬೇಡಿ. ಎಫ್‌ಎಸ್ (ಡ್ರೈವರ್‌ನ ಅನುರಣನ ಆವರ್ತನ, ಹರ್ಟ್ಸ್‌ನಲ್ಲಿ), ಕ್ಯೂಇಎಸ್ (ಅದರ ವಿದ್ಯುತ್ ಕ್ಯೂ ಅಂಶ), ವಿಎಎಸ್ (ಅದರ ಸ್ಥಿತಿಸ್ಥಾಪಕತೆಗೆ ಸಮನಾದ ಗಾಳಿಯ ಗಾತ್ರ) ಅಂಕಿಗಳಿರುವ ಚೀಟಿ ಕೇಳಿ. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ. ಉತ್ತರ 50ರ ಆಸುಪಾಸಿನಲ್ಲಿದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆ, 100ರ ಹತ್ತಿರವಿದ್ದರೆ ಪೋರ್ಟ್ (ಗಾಳಿ ಕೊಳವೆ) ಇರುವ ಪೆಟ್ಟಿಗೆ ಒಗ್ಗುತ್ತದೆ. ನಡುವೆ ಬಂದರೆ ಎರಡೂ ನಡೆಯುತ್ತವೆ. ಮೊದಲ ಸಲ ಮಾಡುವವರಿಗೆ ಮುಚ್ಚಿದ್ದೇ ವಾಸಿ, ಅಳತೆ ತುಸು ಹೆಚ್ಚುಕಮ್ಮಿಯಾದರೂ ಧ್ವನಿ ಕೆಡದು.

ಇನ್ನು ಹಲಗೆ. ಕೊಡಗಿನ ಮಳೆಗಾಲದ ಥಂಡಿಗೆ ಎಂಡಿಎಫ್‌ನ (ಮರದ ನಾರು ಒತ್ತಿ ಮಾಡಿದ ಹಲಗೆಯ) ಕತ್ತರಿಸಿದ ಅಂಚು ನೀರು ಹೀರಿ ಉಬ್ಬುತ್ತದೆ. ಅದರ ಬದಲು ಐಎಸ್ 710 ಮುದ್ರೆಯ 18 ಮಿ.ಮೀ. ಮೆರೈನ್ ಪ್ಲೈವುಡ್ ತನ್ನಿ. ಗಾಳಿ ಸೋರದಂತೆ ಸಂದುಗಳಿಗೆ ಧಾರಾಳವಾಗಿ ಅಂಟು ಹಚ್ಚಿ, ಒಳಗೆ ಅಡ್ಡಪಟ್ಟಿ ಕೊಡಿ. ತೇವ ತಡೆಯಲು ಬರಿ ಕಾಗದದ ಕೋನ್‌ಗಿಂತ ಪಾಲಿಪ್ರೊಪಿಲೀನ್ ಕೋನ್ ಮೇಲು. ದುಡ್ಡು ಸಾಲದಿದ್ದರೆ ವ್ಯಾಟ್ ಇಳಿಸಿ, ಹಲಗೆಯ ದಪ್ಪ ಇಳಿಸಬೇಡಿ.