ಸಬ್ಬಸಿಗೆ: ಸೊಪ್ಪಿನಿಂದ ಬೀಜದವರೆಗೆ

ಸಬ್ಬಸಿಗೆಯು ನಮ್ಮ ಅಡುಗೆಮನೆಗೆ ಪರಿಚಿತವಾದುದು ಸೊಪ್ಪಾಗಿ ಮಾತ್ರ. ರೊಟ್ಟಿ, ವಡೆ, ಬಾಣಂತಿಯರ ಊಟ ಇವೆಲ್ಲದರಲ್ಲಿಯೂ ಅದಕ್ಕೆ ಸ್ಥಾನವುಂಟು. ಆದರೆ ಹಿತ್ತಿಲಲ್ಲಿ ಬೆಳೆಯುವವರು ಗಿಡವು ಗೇಣುದ್ದವಾದೊಡನೆ ಬೇರುಸಹಿತ ಕಿತ್ತು ಕಟ್ಟು ಕಟ್ಟುವರು. ಹೂವನ್ನು ಕಾಣದೆಯೇ ಗಿಡದ ಬಾಳು ಮುಗಿಯುವುದು; ಮುಂದಿನ ಹಂಗಾಮಿನ ಬೀಜಕ್ಕೆ ಪುನಃ ಪೇಟೆಯೇ ಗತಿ. ಶಾಲೆಯ ಕೈತೋಟದಲ್ಲಿ ಒಂದು ಮಡಿಯನ್ನಾದರೂ ಕೊನೆಯವರೆಗೆ ಉಳಿಸುವುದು ಅವಶ್ಯವೆಂದು ನನ್ನ ಅಭಿಪ್ರಾಯ.

ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೆ ಸೇರಿದ ಈ ಸಸ್ಯವನ್ನು 1753ರಲ್ಲಿ ಲಿನೇಯಸನು ಅನೀಥಮ್ ಗ್ರೇವಿಯೋಲೆನ್ಸ್ ಎಂದು ಹೆಸರಿಸಿದನು. ಎರಡನೆಯ ಪದಕ್ಕೆ ತೀವ್ರಗಂಧವುಳ್ಳದ್ದೆಂದು ಅರ್ಥ. ಆ ಗಂಧಕ್ಕೆ ಮೂಗು ಮುರಿಯುವ ಮಕ್ಕಳೂ ಇಲ್ಲದಿಲ್ಲ!

ಬಯಲುಸೀಮೆಯಲ್ಲಿ ಅಕ್ಟೋಬರ್-ನವೆಂಬರ್ ಬಿತ್ತನೆಗೆ ತಕ್ಕ ಕಾಲ. ಬಿಸಿಲು ಬಲಿತರೆ ಗಿಡವು ಬೇಗನೆ ಹೂವಿಗೇರಿ ಸೊಪ್ಪು ಕುಂದುತ್ತದೆ. ತಾಯಿಬೇರು ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಡುವುದು ಹಿತವಲ್ಲ. ಬೀಜವನ್ನು ಮಡಿಯಲ್ಲಿಯೇ ಬಿತ್ತಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು. ಒಂದೆರಡು ವಾರಗಳಲ್ಲಿ ಮೊಳಕೆ ಕಾಣುವುದು. ಸುಮಾರು 40 ದಿನಗಳ ತರುವಾಯ ನಡುವಣ ಸುಳಿಗೆ ತಾಗದಂತೆ ಹೊರಗಿನ ಎಲೆಗಳನ್ನು ಮಾತ್ರ ಕೊಯ್ದರೆ ಗಿಡವು ಮತ್ತೆ ಚಿಗುರುತ್ತದೆ.

ಪಾಠಕ್ಕೆ ಹೆಚ್ಚು ಒದಗುವುದು ಹೂವು. ಒಂದೇ ಬಿಂದುವಿನಿಂದ ಕಡ್ಡಿಗಳು ಕೊಡೆಯಂತೆ ಹರಡಿ, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಕಿರುಗೊಡೆಯು ಹಳದಿ ಹೂಗಳನ್ನು ಹೊತ್ತಿರುತ್ತದೆ. ಜೇನ್ನೊಣಗಳೂ, ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳೂ ಅಲ್ಲಿಗೆ ಬರುವವು. ಆದುದರಿಂದ ಈ ಮಡಿಗೆ ಕೀಟನಾಶಕವನ್ನು ಸಿಂಪಡಿಸುವುದು ಎರಡು ವಿಧದಲ್ಲಿಯೂ ಅವಿವೇಕ. ರಷ್ಯಾದಲ್ಲಿ ಸೌತೆಯ ಉಪ್ಪಿನಕಾಯಿಗೆ ಈ ಹೂಗೊಡೆಗಳನ್ನೇ ಹಾಕುವರು. ನಮ್ಮ ಕೋಸಂಬರಿಗೂ ನಾಲ್ಕು ಎಳೆಯ ಹೂಗಳು ಒಗ್ಗಬಲ್ಲವು.

ನಾವು ಬೀಜವೆನ್ನುವುದು ವಾಸ್ತವವಾಗಿ ಒಣ ಹಣ್ಣಿನ ಅರ್ಧಭಾಗ. ಮಾಗಿದಾಗ ಹಣ್ಣು ಎರಡಾಗಿ ಸೀಳುತ್ತದೆ. ಅದರಲ್ಲಿನ ಕಾರ್ವೋನ್ ಎಂಬ ಸುಗಂಧದ್ರವ್ಯವೇ ಶಾಜೀರಿಗೆಯಲ್ಲಿಯೂ ಇರುವುದರಿಂದ, ಬೀಜದ ರುಚಿ ಸೊಪ್ಪಿನ ರುಚಿಯಂತಿರದು. ಗಿಡದ ಕೊಡೆಗಳೆಲ್ಲ ಒಮ್ಮೆಲೇ ಮಾಗುವುದಿಲ್ಲ. ನಡುಕಾಂಡದ ತುದಿಯದು ಮೊದಲು. ಕಂದು ಬಣ್ಣಕ್ಕೆ ತಿರುಗಿದವನ್ನು ಇಬ್ಬನಿ ಆರುವ ಮುನ್ನ ಕತ್ತರಿಸಿದರೆ ಉದುರುವುದು ಕಡಿಮೆ. ಅವನ್ನು ಬಟ್ಟೆಯ ಚೀಲದಲ್ಲಿ ತಲೆಕೆಳಗಾಗಿ ನೆರಳಿನಲ್ಲಿ ತೂಗುಹಾಕಿ, ಒಣಗಿದ ಮೇಲೆ ಉಜ್ಜಿ, ತೂರಿ, ಸೀಸೆಯಲ್ಲಿ ಭದ್ರಪಡಿಸಿ ಕೊಯ್ಲಿನ ವರ್ಷವನ್ನು ಬರೆದಿಡಬೇಕು. ಕೈತಪ್ಪಿ ಉದುರಿದ ಬೀಜಗಳು ಮಡಿಯನ್ನು ಆಳವಾಗಿ ಅಗೆಯದಿದ್ದಲ್ಲಿ ತಾವಾಗಿಯೇ ಮೊಳೆಯುವುದುಂಟು.